ಹಗೇವು ಅಂದರೆ ಗುಂಡಿ

ನಮ್ಮ ಕಡೆ ಬೀಗರನ್ನು ಬೈಯದೆ ಮದುವೆ ಮುಗಿಯುವುದಿಲ್ಲ. ಅಕ್ಕಿಕಾಳು ಬಿದ್ದು, ಊಟದ ಪಂಕ್ತಿ ಎದ್ದ ಮೇಲೆ, ಹೆಣ್ಣಿನ ಕಡೆಯ ಹೆಂಗಸರು ಗಂಡಿನ ತಾಯಿಯನ್ನು ನಡುವೆ ಕುರ್ಚಿ ಹಾಕಿ ಕೂರಿಸಿ, ಹಾಡು ಕಟ್ಟಿ ಬೈಯುತ್ತಾರೆ. ಅವಳ ಮೂಗು, ಅವಳ ನಡಿಗೆ, ಅವಳು ತಿಂದ ಹೋಳಿಗೆ, ಅವಳು ತಂದ ಸೀರೆಯ ಬಣ್ಣ, ಒಂದನ್ನೂ ಬಿಡುವುದಿಲ್ಲ. ಬೈಸಿಕೊಂಡವಳು ನಗುನಗುತ್ತ ಹಾಡಿದವರ ಉಡಿಯಲ್ಲಿ ಒಂದೊಂದು ಕುಪ್ಪಸದ ಖಣ ಹಾಕಿ ಏಳಬೇಕು. ಬೈಸಿಕೊಳ್ಳದ ಬೀಗತಿ ಇನ್ನೂ ನಮ್ಮವಳಾಗಿಲ್ಲ ಎಂದು ಅರ್ಥ. ಇಷ್ಟೇ ಇಷ್ಟು ಸಣ್ಣ ಮಾತು. ಇದನ್ನು ತಕ್ಕಡಿಗೆ ತಿಳಿಸಿ ಹೇಳುವ ದಾರಿ ನನಗೆ ಆಗಲೂ ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ.

ತಕ್ಕಡಿ ಅಂದರೆ ಅಂಗಡಿಯ ತಕ್ಕಡಿಯಲ್ಲ. ಅದಕ್ಕೆ ಮಾರುದ್ದದ ಸರ್ಕಾರಿ ಹೆಸರೊಂದಿದೆ, ಹೇಳುತ್ತ ಕೂತರೆ ಚಹಾ ಆರಿಹೋಗುತ್ತದೆ. ಹುಬ್ಬಳ್ಳಿಯಲ್ಲಿ ನಾನು ಕೆಲಸ ಮಾಡುವ ಕೇಂದ್ರದಲ್ಲಿ ಎಲ್ಲರ ಬಾಯಲ್ಲೂ ಅದು ತಕ್ಕಡಿಯೇ. ಅದು ಮಾತನ್ನು ತೂಗುತ್ತದೆ.

ಅದು ಯಾಕೆ ಬಂತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಅಂತರ್ಜಾಲದಲ್ಲಿ ಒಬ್ಬರನ್ನು ಬೈದು, ಬೆದರಿಸಿ, ಬೆನ್ನಟ್ಟಿ ಹಿಂಸೆ ಕೊಡುವುದು ಎಲ್ಲ ದೇಶಗಳಲ್ಲೂ ಇತ್ತು. ಆದರೆ ಒಂದು ದೇಶದಲ್ಲಿ ಅಪರಾಧವಾದದ್ದು ಪಕ್ಕದ ದೇಶದಲ್ಲಿ ಬರೀ ಬಾಯಿಚಟ. ಬೈಯುವವನು ಕಾನೂನಿಲ್ಲದ ಕಡೆ ಕೂತು ಬೈಯುತ್ತಿದ್ದ, ಬೈಸಿಕೊಂಡವಳು ಕಾನೂನಿದ್ದ ಕಡೆ ಕೂತು ಅಳುತ್ತಿದ್ದಳು. ಕೊನೆಗೆ ಬಹಳಷ್ಟು ದೇಶಗಳು ಕೂಡಿ ಒಂದು ಒಪ್ಪಂದಕ್ಕೆ ಬಂದವು. ಮಾತು ಹೊರಟ ಜಾಗದ ಕಾನೂನು ಲೆಕ್ಕಕ್ಕಿಲ್ಲ, ಮಾತು ತಾಗಿದ ಜಾಗದ ಕಾನೂನೇ ಕಾನೂನು. ಯಾವ ಮಾತು ಯಾರಿಗೆ ಎಲ್ಲಿ ತಾಗಿತು, ಅಲ್ಲಿಯ ಯಾವ ಕಲಮಿಗೆ ಬರುತ್ತದೆ ಎಂದು ಮನುಷ್ಯರು ಹುಡುಕುತ್ತ ಕೂತರೆ ಯುಗ ಕಳೆದೀತು ಅಂತ ತಕ್ಕಡಿಯನ್ನು ಕಟ್ಟಿದರು. ಒಪ್ಪಂದದ ದೇಶಗಳ ಕಾನೂನೆಲ್ಲ ಅದರ ಹೊಟ್ಟೆಯಲ್ಲಿದೆ.

ಅದರ ಕಿವಿ ನಮ್ಮ ಕೈಯಲ್ಲಿದೆ. ಮಣಿಕಟ್ಟಿಗೆ ಕಟ್ಟಿಕೊಳ್ಳುವ ನಾಡಿಪಟ್ಟಿ ಎಲ್ಲರಿಗೂ ಗೊತ್ತು. ಅದೇ ಫೋನು, ಅದೇ ಗುರುತಿನ ಚೀಟಿ, ಅದೇ ಡಾಕ್ಟರು. ಬಿಚ್ಚಿಟ್ಟರೆ ಯಾರೋ ಸತ್ತರು ಅಂದುಕೊಂಡು ಆಂಬುಲೆನ್ಸು ಬಂದು ನಿಲ್ಲುತ್ತದೆ. ಮಾತು ಕೇಳಿದವರ ನಾಡಿ, ಉಸಿರು, ಬೆವರು, ಕಣ್ಣೀರನ್ನು ಆ ಪಟ್ಟಿಯೇ ತಕ್ಕಡಿಗೆ ಮುಟ್ಟಿಸುತ್ತದೆ. ನೋವಾಯಿತು ಎಂದು ಯಾರೂ ದೂರು ಕೊಡಬೇಕಾಗಿಲ್ಲ.

ತಕ್ಕಡಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಹಾವೇರಿಯ ಒಬ್ಬ ಕಾಲೇಜು ಹುಡುಗಿಯ ಮೇಲೆ ಕಂಡುಕೇಳದ ಊರುಗಳ ಗಂಡಸರು ನಾಯಿ ಹಿಂಡಿನ ಹಾಗೆ ಬಿದ್ದಿದ್ದರು. ಅವಳು ಊಟ ಬಿಟ್ಟಿದ್ದಳು, ಬಾಗಿಲು ಹಾಕಿಕೊಂಡಿದ್ದಳು. ತಕ್ಕಡಿ ಒಂದೇ ದಿನದಲ್ಲಿ ಅಷ್ಟೂ ಜನರ ಬಾಯಿ ಕಟ್ಟಿತು. ಅವತ್ತು ನಾನು ಕ್ಯಾಂಟೀನಿನಲ್ಲಿ ಕೂತು ಎಲ್ಲರೆದುರು ಅತ್ತಿದ್ದೆ, ಸಂತೋಷಕ್ಕೆ.

ನನ್ನ ಹೆಸರು ದಾಕ್ಷಾಯಣಿ. ಉತ್ತರದ ಜಿಲ್ಲೆಗಳ ಕನ್ನಡ ನನ್ನ ಪಾಲಿಗೆ ಬರುತ್ತದೆ. ಮಾತನ್ನು ತಕ್ಕಡಿ ತಾನೇ ಅನುವಾದ ಮಾಡಿಕೊಳ್ಳುತ್ತದೆ. ಎಲ್ಲಾದರೂ ಒಂದು ಪದಕ್ಕೆ ತಡವರಿಸಿದರೆ ಮಾತ್ರ ನನ್ನ ಪರದೆಗೆ ಕಳಿಸಿ, 'ಇದರ ಅರ್ಥ ಹೀಗೆ. ಸರಿಯೇ?' ಎಂದು ಕೇಳುತ್ತದೆ. ನನ್ನ ಮುಂದೆ ಎರಡು ಗುಂಡಿ. ಹೌದು, ಇಲ್ಲ. ಸೇರಿದ ಹೊಸದರಲ್ಲಿ ಇನ್ನೊಂದು ಗುಂಡಿ ಬೇಕು ಅಂತ ನಮ್ಮ ಮೇಲಧಿಕಾರಿ ವಿನ್ಸೆಂಟ್ ರೆಬೆಲ್ಲೊ ಅವರನ್ನು ಕೇಳಿದ್ದೆ. ಅದರ ಮೇಲೆ 'ಸರಿ, ಆದರೆ' ಎಂದು ಬರೆದಿರಬೇಕು ಅಂದಿದ್ದೆ. ರೆಬೆಲ್ಲೊ ಮಂಗಳೂರಿನವರು, ವಕೀಲಿ ಓದಿದವರು, ಒಳ್ಳೆಯ ಮನುಷ್ಯ. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. 'ಆದರೆ' ಎಂದು ಶುರುವಾದ ಕೇಸುಗಳು ಕೋರ್ಟಿನಲ್ಲಿ ಇನ್ನೂ ಮುಗಿದಿಲ್ಲ ಮಾರಾಯ್ತಿ, ಅದಕ್ಕೇ ಇದನ್ನು ಮಾಡಿದ್ದು ಅಂದಿದ್ದರು.

ಈಗ ಮದುವೆಯ ಮಾತು. ಮುಳಗುಂದದ ಫಕೀರವ್ವ ನನ್ನ ತಾಯಿಯ ಅಕ್ಕ, ನನಗೆ ದೊಡ್ಡವ್ವ. ಅವಳ ಮೊಮ್ಮಗಳು ಸಹನಾಳ ಮದುವೆ ಗದಗಿನ ಒಂದು ಕಲ್ಯಾಣ ಮಂಟಪದಲ್ಲಿ ಆಯಿತು. ದೊಡ್ಡವ್ವ ಮಾತಾಡದೆ ಇದ್ದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಸೊಪ್ಪು ಮಾರುವವಳ ಜೊತೆ, ಎಮ್ಮೆಯ ಜೊತೆ, ಕರೆಂಟು ಹೋದರೆ ಕಂಬದ ಜೊತೆ. ಬೀಗರ ಹಾಡಿಗಂತೂ ಸುತ್ತ ಊರಿನವರು ಅವಳನ್ನು ಗಾಡಿ ಕಳಿಸಿ ಕರೆಸುತ್ತಿದ್ದರು. ಹಾಡು ಮೊದಲೇ ಕಟ್ಟಿಕೊಂಡು ಹೋಗುವವಳಲ್ಲ. ಬೀಗತಿಯ ಮುಖ ನೋಡಿದ ಮೇಲೆಯೇ ಕಟ್ಟುತ್ತಿದ್ದಳು.

ಆ ಮದುವೆಯಲ್ಲಿ ಬೀಗತಿಯೇ ಇರಲಿಲ್ಲ. ಗಂಡಿನ ತಾಯಿ ಇಳಕಲ್ಲಿನ ಮಹಾನಂದಾ, ಮಗಳ ಬಾಣಂತನಕ್ಕೆಂದು ಫ್ರಾನ್ಸಿನ ಲಿಯಾನ್‌ಗೆ ಹೋದವಳು ಅಲ್ಲಿ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡಿದ್ದಳು. ವಿಮಾನ ಹತ್ತುವ ಹಾಗಿರಲಿಲ್ಲ. ಇದ್ದೊಬ್ಬ ಮಗನ ಮದುವೆಗೆ ತಾಯಿ ಇಲ್ಲ. ನಮ್ಮವರು ಬೀಗತಿಯ ಕುರ್ಚಿಗೆ ಇಳಕಲ್ ಸೀರೆ ಹೊದಿಸಿ, ಅದರ ಮೇಲೆ ಪರದೆ ಇಟ್ಟು, ಪರದೆಯ ಅಂಚಿಗೆ ಅರಿಸಿನ ಕುಂಕುಮ ಹಚ್ಚಿದರು. ಪರದೆಯಲ್ಲಿ ಮಹಾನಂದಾ ರೇಷ್ಮೆ ಸೀರೆ ಉಟ್ಟು, ಕಟ್ಟು ಹಾಕಿದ ಕಾಲನ್ನು ದಿಂಬಿನ ಮೇಲೆ ಚಾಚಿ ಕೂತಿದ್ದಳು. ತಾಳಿ ಕಟ್ಟಿದಾಗಿನಿಂದ ಒಂದೇ ಸಮನೆ ಅಳುತ್ತಿದ್ದಳು.

ದೊಡ್ಡವ್ವ ಅದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕುರ್ಚಿಯ ಮುಂದೆ ಬಂದು ನಿಂತು, "ಅಕಿನ್ನ ಹಿಂಗ ಅಳಾಕ ಬಿಟ್ಟರ ನಾವೆಂಥಾ ಬೀಗರವಾ? ಬರ್ರಿ, ಬೈಯೂಣು," ಅಂದಳು. ಹೆಂಗಸರೆಲ್ಲ ಸುತ್ತ ಕೂಡಿದರು. ದೊಡ್ಡವ್ವ ಹಾಡು ಎತ್ತಿಕೊಂಡಳು.

ಬಂದಾಳ ನೋಡ ಬೀಗತಿ, ಬಾಯಿ ಅಗಸಿ ಬಾಗಿಲಾ
ಮುಚ್ಚಂದ್ರ ಮುಚ್ಚಂಗಿಲ್ಲ, ಮುರದೈತಿ ಚಿಲಕಾ
ಹೋಳಿಗಿ ಹೆಡಗಿ ನುಂಗಿ ಹೊಟ್ಟಿ ಹಸದೈತಂತಾಳ
ಹಗೇವಿನಾಗ ಹಾಕಿ ಮ್ಯಾಲ ಕಲ್ಲ ಮುಚ್ಚೂಣು ಬರ್ರೆವ್ವಾ

'ಕಲ್ಲ ಮುಚ್ಚೂಣು ಬರ್ರೆವ್ವಾ' ಎಂದು ಉಳಿದವರೆಲ್ಲ ದನಿಗೂಡಿಸಿದರು. ನಾನೂ ಕೂಡಿಸಿದೆ. ಪರದೆಯಲ್ಲಿ ಮಹಾನಂದಾಳ ಅಳು ನಿಂತಿತು. ನಕ್ಕಳು, ನಕ್ಕು ನಕ್ಕು ಮತ್ತೆ ಅತ್ತಳು, ಎರಡೂ ಒಟ್ಟಿಗೆ. ಮೈಯೆಲ್ಲ ಕುಲುಕುತ್ತಿತ್ತು, ಉಸಿರು ಸಿಗುತ್ತಿರಲಿಲ್ಲ. "ಯಕ್ಕಾ, ಕಾಲ ನೆಟ್ಟಗಾಗಲಿ, ಬಂದು ನಿನ್ನ ನೋಡಿಕೊಂತೀನಿ," ಎಂದು ಅಲ್ಲಿಂದಲೇ ಕೂಗಿದಳು. ಇಂಥ ಬೀಗತನ ಎಲ್ಲಿ ಸಿಗಬೇಕು ಎಂದು ಮಂಟಪದಲ್ಲಿ ಎಲ್ಲರೂ ಮಾತಾಡಿಕೊಂಡರು. ನನಗೂ ಹಾಗೇ ಅನಿಸಿತು.

ಮದುವೆಯ ಅರಿಸಿನ ಇನ್ನೂ ಉಗುರಿನಿಂದ ಹೋಗಿರಲಿಲ್ಲ. ಕೆಲಸಕ್ಕೆ ಬಂದು ಕೂತೆ, ಪರದೆಯಲ್ಲಿ ಒಂದು ಪ್ರಕರಣ ಬಂತು. ತಕ್ಕಡಿ ನಮಗೆ ಹೆಸರು ತೋರಿಸುವುದಿಲ್ಲ, ಮುಖ ತೋರಿಸುವುದಿಲ್ಲ, ದನಿಯನ್ನೂ ಕಲಸಿಬಿಟ್ಟಿರುತ್ತದೆ. ನಾವು ಪಕ್ಷಪಾತ ಮಾಡಬಾರದಲ್ಲ. ಪರದೆಯ ಮೇಲೆ ಇದ್ದದ್ದು ಇಷ್ಟು: 'ಗುಂಪು ದಾಳಿ. ಸಂತ್ರಸ್ತೆ ವಯಸ್ಸಾದ ಮಹಿಳೆ, ಗಾಯಾಳು, ಚಲಿಸಲಾರರು. ತೀವ್ರ ಉಸಿರಾಟ, ಕಣ್ಣೀರು, ನಾಡಿಯ ಏರಿಕೆ. ಜೀವಂತ ಹೂಳುವ ಬೆದರಿಕೆ.' ಅಯ್ಯೋ ಪಾಪ, ಯಾವ ತಾಯಿಯೋ ಅಂದುಕೊಂಡೆ. ಕೆಳಗೆ ಒಂದು ಪದ ಮಿನುಗುತ್ತಿತ್ತು. 'ಹಗೇವು: ನೆಲದಲ್ಲಿ ತೋಡಿದ ಗುಂಡಿ. ಸರಿಯೇ?'

ಮೇಲಿನದ್ದನ್ನು ಮತ್ತೆ ಓದಿದೆ. ಅದು ನಮ್ಮ ಮದುವೆಯ ಹಾಡು.

ಹಗೇವು ಕಾಣದವರಿಗೆ ಹೇಳುತ್ತೇನೆ. ಹಳೆಯ ಮನೆಗಳ ಅಂಗಳದಲ್ಲಿ ಅದಿರುತ್ತಿತ್ತು. ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ಒಳಗೋಡೆಗೆ ಹುಲ್ಲು ಹಾಸಿ, ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಅದರಲ್ಲಿ ಕಸ ಹಾಕುತ್ತಿರಲಿಲ್ಲ. ಹೆಣ ಹಾಕುತ್ತಿರಲಿಲ್ಲ. ಕೈಬಿಟ್ಟು ಹೋಗಬಾರದು ಅನ್ನುವಂಥ ಒಳ್ಳೆಯ ಕಾಳನ್ನು ಹಾಕುತ್ತಿದ್ದರು. ನಾನು ಸಣ್ಣವಳಿದ್ದಾಗ ಶಾಲೆಯ ಸೂಟಿ ಮುಗಿಸಿ ಮುಳಗುಂದದಿಂದ ಹೊರಟರೆ ದೊಡ್ಡವ್ವ ನನ್ನ ಜಡೆ ಹಿಡಿದು ಜಗ್ಗಿ, ಹಗೇವಿನಾಗ ಹಾಕಿ ಮುಚ್ಚಿಬಿಡ್ತೀನಿ ನೋಡ ನಿನ್ನ, ಅನ್ನುತ್ತಿದ್ದಳು. ಹೋಗಬೇಡ ಅಂತ ಅರ್ಥ. ಹೋಗಬೇಡ ಅನ್ನುವ ಮಾತನ್ನು ಅವಳು ಒಂದು ಸಲವೂ ನೆಟ್ಟಗೆ ಹೇಳಿದವಳಲ್ಲ.

ಹಗೇವು ಅಂದರೆ ನೆಲದಲ್ಲಿ ತೋಡಿದ ಗುಂಡಿ ಹೌದೋ ಅಲ್ಲವೋ? ಹೌದು. ನಾನು ಇಲ್ಲ ಒತ್ತಿದೆ.

ಒಬ್ಬರು ಇಲ್ಲ ಅಂದರೆ ತಕ್ಕಡಿ ಇನ್ನಿಬ್ಬರನ್ನು ಕೇಳುತ್ತದೆ. ಒಬ್ಬರು ಬೆಂಗಳೂರಿನವರು, ಒಬ್ಬರು ಉಡುಪಿಯವರು. ಇಬ್ಬರೂ ನಿಘಂಟು ನೋಡಿದರು. ಧಾನ್ಯ ಕೂಡಿಡಲು ನೆಲದಲ್ಲಿ ತೋಡಿದ ಗುಂಡಿ ಎಂದಿತ್ತು. ಇಬ್ಬರೂ ಹೌದು ಒತ್ತಿದರು. ಅವರ ತಪ್ಪೇನಿಲ್ಲ. ಧಾನ್ಯ ಅನ್ನುವ ಮಾತು ತಕ್ಕಡಿಗೂ ಕಂಡಿತ್ತು. ಆದರೆ ಹಾಡಿನಲ್ಲಿ ಹಾಕುತ್ತೇವೆ ಅಂದದ್ದು ಕಾಳನ್ನಲ್ಲ, ಮನುಷ್ಯರನ್ನು, ಹೀಗಾಗಿ ಆ ಮಾತು ಇಲ್ಲಿಗೆ ಬೇಕಾಗಿಲ್ಲ ಎಂದು ಬಿಟ್ಟಿತ್ತು.

ನಾನು ಎದ್ದು ರೆಬೆಲ್ಲೊ ಅವರ ಕೋಣೆಗೆ ಹೋದೆ. ಅದು ನಮ್ಮ ಮನೆಯ ಮದುವೆ, ಹಾಡಿದವಳು ನಮ್ಮ ದೊಡ್ಡವ್ವ, ದನಿಗೂಡಿಸಿದವರಲ್ಲಿ ನಾನೂ ಒಬ್ಬಳು ಎಂದು ಎಲ್ಲ ಹೇಳಿದೆ. ಅವರು ಪ್ರಕರಣ ತೆರೆದು ನೋಡಿದರು.  ಆಮೇಲೆ ಮೇಷ್ಟರ ಹಾಗೆ ಒಂದೊಂದಾಗಿ ಬಿಡಿಸಿ ಹೇಳಿದರು. ದೊಡ್ಡವ್ವ ಇದೇ ಹಾಡನ್ನು ಜರ್ಮನಿಯಲ್ಲಿರುವ ಬೀಗತಿಗೆ ಹಾಡಿದ್ದರೆ, ಅಲ್ಲಿ ಅವಮಾನವೇ ಅಪರಾಧ, ಆದರೆ ಅವಮಾನ ಆದವರು ಬಂದು ನನಗೆ ಅವಮಾನವಾಯಿತು ಅನ್ನಬೇಕು. ಜಪಾನಿನಲ್ಲೂ ಬೈದರೆ ಜೈಲಿದೆ. ನ್ಯೂಜಿಲೆಂಡಿನಲ್ಲಿ ಬೈಗುಳ ಎಷ್ಟು ಕೆಟ್ಟದ್ದು ಅನ್ನುವುದಷ್ಟೇ ಸಾಲದು, ಮನಸ್ಸಿಗೆ ನಿಜವಾಗಿ ಪೆಟ್ಟು ಬಿದ್ದಿರಬೇಕು. ನಮ್ಮಲ್ಲಿ ಹಿಂದೆ ಕಿರಿಕಿರಿಯಾಗುವಂಥ ಮಾತಿಗೆಲ್ಲ ಹಿಡಿದು ಒಳಗೆ ಹಾಕುವ ಕಲಮೊಂದಿತ್ತು, ಸುಪ್ರೀಂ ಕೋರ್ಟೇ ಅದನ್ನು ಕಿತ್ತು ಹಾಕಿತು. ನಮ್ಮ ಕಾನೂನಿನಲ್ಲಿ ಮದುವೆ ಮನೆಯ ಹಾಡು ಮದುವೆ ಮನೆಯ ಹಾಡೇ.

"ಫ್ರಾನ್ಸಿನದ್ದು ಎಂಥ ಅಂದ್ರೆ," ಎಂದು ರೆಬೆಲ್ಲೊ ಕನ್ನಡಕ ತೆಗೆದರು, "ಗುಂಪಾಗಿ ಒಬ್ಬರ ಮೇಲೆ ಬಿದ್ದರೆ, ಅದರಲ್ಲಿ ಒಂದೇ ಒಂದು ಮಾತು ಆಡಿದವರೂ ತಪ್ಪಿತಸ್ಥರು. ನಾನು ಒಂದೇ ಸಾಲು ಹೇಳಿದ್ದು ಅನ್ನುವ ಹಾಗಿಲ್ಲ. ಒಳ್ಳೆಯ ಕಾನೂನು ಅದು, ದಾಕ್ಷಾಯಣಿ. ಆ ಹಾವೇರಿ ಹುಡುಗಿಯಂಥವರಿಗಾಗಿಯೇ ಮಾಡಿದ್ದು."

ನನಗೆ ಸಿಟ್ಟು ನೆತ್ತಿಗೇರಿತು. ಬೀಗತಿ ಕೂತದ್ದು ಫ್ರಾನ್ಸಿನಲ್ಲಲ್ಲ, ಗದಗಿನಲ್ಲಿ. ಕುರ್ಚಿ ಹಾಕಿದ್ದೆವು, ಸೀರೆ ಹೊದಿಸಿದ್ದೆವು, ಕುಂಕುಮ ಹಚ್ಚಿದ್ದೆವು. ಅವಳು ನಮ್ಮ ನಡುವೆಯೇ ಕೂತು ಬೈಸಿಕೊಂಡಳು ಎಂದು ವಾದಿಸಿದೆ.

"ತಕ್ಕಡಿಗೆ ಕುರ್ಚಿ ಕಾಣುವುದಿಲ್ಲ ಮಾರಾಯ್ತಿ, ಕಾಲು ಕಾಣುತ್ತದೆ. ಕಾಲು ಲಿಯಾನ್‌ನಲ್ಲಿತ್ತು."

ಅವರು ಸುಮ್ಮನೆ ಕೂರಲಿಲ್ಲ, ಅದನ್ನೂ ಹೇಳಬೇಕು. ದೆಹಲಿಗೆ ಬರೆದರು, ಅಲ್ಲಿಂದ ಮೇಲಿನವರಿಗೂ ಬರೆದರು. ಎಲ್ಲ ಕಡೆಯಿಂದಲೂ ಒಂದೇ ಉತ್ತರ ಬಂತು. ಅನುವಾದವನ್ನು ಕನ್ನಡ ಬಲ್ಲವರೇ ಖಚಿತಪಡಿಸಿದ್ದಾರೆ. ತಪ್ಪು ಎಲ್ಲಿದೆ ತೋರಿಸಿ. ತೋರಿಸಲಿಕ್ಕೆ ತಪ್ಪು ಒಂದು ಪದದಲ್ಲೂ ಇರಲಿಲ್ಲ. ಅಗಸಿ ಅಂದರೆ ಊರ ಬಾಗಿಲು, ಹೆಡಗಿ ಅಂದರೆ ಬುಟ್ಟಿ, ಚಿಲಕ ಅಂದರೆ ಚಿಲಕ, ಕಲ್ಲು ಅಂದರೆ ಕಲ್ಲು.

ಇನ್ನು ಉಳಿದದ್ದು ಒಂದೇ ದಾರಿ, ಬೈಸಿಕೊಂಡವಳೇ ಬಾಯಿ ಬಿಟ್ಟು ಹೇಳಬೇಕು. ಮಹಾನಂದಾಳಿಗೆ ಫೋನು ಮಾಡಿ ವಿಷಯ ತಿಳಿಸಿದೆ. ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಕೆಂಡಾಮಂಡಲವಾದಳು. ಅವತ್ತೇ ತಕ್ಕಡಿಯ ಮುಂದೆ ಹೇಳಿಕೆ ಕೊಟ್ಟಳು. ನನಗೆ ನೋವಾಗಿಲ್ಲ, ನೋವಾಗಿದ್ದು ಮದುವೆಗೆ ಹೋಗಲಿಕ್ಕೆ ಆಗದ್ದಕ್ಕೆ, ಫಕೀರವ್ವಕ್ಕ ನನ್ನ ನಗಿಸಿದಳು ಎಂದು ಇಳಕಲ್ಲಿನ ಮಾತಿನಲ್ಲಿ ಅತ್ತು ಕರೆದು ಹೇಳಿದಳು. ತಕ್ಕಡಿ ಎಲ್ಲವನ್ನೂ ಕೇಳಿಸಿಕೊಂಡಿತು. 'ಸಂತ್ರಸ್ತೆ ಆರೋಪಿಯ ಸಂಬಂಧಿ. ಮಗನ ಸಂಸಾರ ಆರೋಪಿಯ ಕುಟುಂಬದೊಂದಿಗೆ ಬೆಸೆದಿದೆ. ಹೇಳಿಕೆ ಒತ್ತಡದಿಂದ ಬಂದಿರುವ ಸಾಧ್ಯತೆ. ಆರೋಪಿಯ ಹೆಸರು ಹೇಳುವಾಗ ನಾಡಿ ಏರಿದೆ.' ಕೊಟ್ಟ ಹೇಳಿಕೆಯೇ ನೋವಿಗೆ ಇನ್ನೊಂದು ಸಾಕ್ಷಿಯಾಯಿತು. ಗಂಡನ ಮನೆಯವರು ಹೆದರಿಸಿ ಕೇಸು ವಾಪಸು ತೆಗೆಸುತ್ತಾರಲ್ಲ, ಅಂಥ ಹೆಂಗಸರನ್ನು ಉಳಿಸಲಿಕ್ಕೆ ಮಾಡಿದ ನಿಯಮ ಅದು. ಅದೂ ಒಳ್ಳೆಯ ನಿಯಮವೇ. ಒಳ್ಳೆಯ ನಿಯಮಗಳೆಲ್ಲ ಕೂಡಿ ನಮ್ಮ ದೊಡ್ಡವ್ವನನ್ನು ಮೂಲೆಗೆ ಒತ್ತಿದವು.

ದನಿಗೂಡಿಸಿದವರಿಗೆಲ್ಲ ಎಚ್ಚರಿಕೆ ಬಂತು, ಮತ್ತೆ ಹೀಗೆ ಮಾಡಿದರೆ ಶಿಕ್ಷೆ ಎಂದು. ನನಗೂ ಬಂತು. ದೊಡ್ಡವ್ವನಿಗೆ ಎರಡು ವರ್ಷ ಧ್ವನಿಕಟ್ಟು.

ಧ್ವನಿಕಟ್ಟು ಅಂದರೆ ಜೈಲಲ್ಲ, ದಂಡವಲ್ಲ. ಆ ಮನುಷ್ಯರ ದನಿಯ ಗುರುತನ್ನು ಎಲ್ಲ ಯಂತ್ರಗಳಿಗೂ ಕೊಟ್ಟುಬಿಡುತ್ತಾರೆ. ಯಾವ ಯಂತ್ರವೂ ಆ ದನಿಯನ್ನು ಮುಂದಕ್ಕೆ ಸಾಗಿಸುವುದಿಲ್ಲ. ಫೋನಿನಲ್ಲಿ ಮಾತಾಡಿದರೆ ಆ ಕಡೆ ಬರೀ ಮೌನ. ಬಸ್ಸಿನಲ್ಲಿ ಊರ ಹೆಸರು ಹೇಳಿದರೆ ಟಿಕೆಟ್ಟು ಬರುವುದಿಲ್ಲ. ಎದುರಿಗೆ ಕೂತವರ ನಾಡಿಪಟ್ಟಿಗೆ ಆ ದನಿ ಕೇಳಿಸಿದರೆ ಅದು ಕೀಚ್ ಎಂದು ಚೀರುತ್ತದೆ. ಒಂದೊಂದು ಚೀರಿಗೂ ಶಿಕ್ಷೆ ಇನ್ನಷ್ಟು ಉದ್ದವಾಗುತ್ತದೆ. ಇದನ್ನು ಯೋಚಿಸಿದವರು, ಬೈಯುವವನ ಬಾಯಿ ಮುಚ್ಚಿಸಲು ಜೈಲು ಯಾಕೆ ಬೇಕು ಎಂದು ಯೋಚಿಸಿದ್ದರು. ಬಾಯಿ ಒಂದು ಬಿಟ್ಟು ಬೇರೇನೂ ಇಲ್ಲದವರ ನೆನಪು ಅವರಿಗೆ ಬಂದಿರಲಿಕ್ಕಿಲ್ಲ.

ಕಟ್ಟು ಶುರುವಾಗುವ ಮುಂಚೆ ನಾನು ಮುಳಗುಂದಕ್ಕೆ ಹೋದೆ. ದೊಡ್ಡವ್ವ ಹಿತ್ತಲಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ನನ್ನನ್ನು ನೋಡಿ ಮುಖ ಸಿಂಡರಿಸಲಿಲ್ಲ, ಬೈಯಲೂ ಇಲ್ಲ. ಅವಳು ನನ್ನನ್ನು ಬೈಯದೆ ಒಳಗೆ ಕರೆದದ್ದು ಅದೇ ಮೊದಲು. ಚಹಾ ಕುಡಿಯುವಾಗ ಕೇಳಿದಳು.

"ಅದಕ್ಕ ಹಗೇವು ಅಂದ್ರ ಏನಂತ ಗೊತ್ತಿಲ್ಲಂದ್ರ ನೀ ಹೇಳಬೇಕಿತ್ತಲ್ಲವಾ?"

"ಹೇಳಿದೆ ದೊಡ್ಡವ್ವ."

"ಏನಂದಿತು?"

"ನನ್ನ ಮಾತು ಕೇಳಲಿಲ್ಲ."

ದೊಡ್ಡವ್ವ ತೊಟ್ಟು ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ನಿನ್ನ ಮಾತ ಕೇಳಾಂಗಿಲ್ಲಂದ್ರ ನಿನ್ನ ಅಲ್ಲಿ ಯಾಕ ಇಟ್ಟಕೊಂಡಾರ?"

ಚುಚ್ಚಲಿಕ್ಕೆ ಕೇಳಿದ ಪ್ರಶ್ನೆಯಲ್ಲ ಅದು. ಗೊತ್ತಿಲ್ಲದೆ ಕೇಳಿದಳು.  ನಾನು ಲೋಟ ತೊಳೆಯುವ ನೆವದಲ್ಲಿ ಎದ್ದು ಹೋದೆ.

ಮೊದಮೊದಲು ಮನೆಯವರು ಬಹಳ ಉಪಾಯ ಮಾಡಿದರು. ನಾಡಿಪಟ್ಟಿಗೆ ಬಟ್ಟೆ ಸುತ್ತಿದರು, ಕೈಯನ್ನು ದಿಂಬಿನ ಕೆಳಗಿಟ್ಟು ಮಾತಾಡಿಸಿದರು. ಅದು ಬಟ್ಟೆಯೊಳಗಿಂದಲೇ ಚೀರಿತು. ಸಹನಾ ಸ್ಲೇಟು ತಂದುಕೊಟ್ಟಳು. ದೊಡ್ಡವ್ವನಿಗೆ ತನ್ನ ಹೆಸರು ಬಿಟ್ಟು ಬೇರೆ ಬರೆಯಲು ಬಾರದು. ನೀರಿನ ಗಾಡಿ ಬಂದಾಗ ಕೂಗುವ ಹಾಗಿಲ್ಲ, ಮೊಮ್ಮಕ್ಕಳು ಬಿದ್ದರೆ ಅಯ್ಯೋ ಅನ್ನುವ ಹಾಗಿಲ್ಲ. ಮದುವೆಯ ದಿನಗಳಲ್ಲಿ ಹುಡುಗಿಯರು ಫೋನು ಮಾಡಿ ಒಂದು ನುಡಿ ಹೇಳಿಕೊಡು ಅನ್ನುತ್ತಿದ್ದರು, ಆ ಫೋನುಗಳೂ ನಿಂತವು. ಎಮ್ಮೆಗೆ ನಾಡಿಪಟ್ಟಿ ಇಲ್ಲವಲ್ಲ ಎಂದು ಕೊಟ್ಟಿಗೆಯಲ್ಲಿ ಕೂತು ಅದರ ಜೊತೆ ಮಾತಾಡುತ್ತಿದ್ದಳಂತೆ. ಆಮೇಲೆ ಸರ್ಕಾರದವರು ಬಂದು ಎಮ್ಮೆಯ ಕಿವಿಗೂ ಒಂದು ಯಂತ್ರದ ಬಿಲ್ಲೆ ಹಾಕಿ ಹೋದರು, ಹಾಲಿನ ಲೆಕ್ಕಕ್ಕೆ. ಅವತ್ತಿನಿಂದ ಕೊಟ್ಟಿಗೆಗೂ ಹೋಗುವುದು ಬಿಟ್ಟಳು.

ಮನುಷ್ಯರು ಎಲ್ಲಕ್ಕೂ ಹೊಂದಿಕೊಂಡುಬಿಡುತ್ತಾರೆ, ನನಗೆ ಸಿಟ್ಟು ಬರುವುದು ಅದಕ್ಕೇ. ಸುತ್ತಮುತ್ತಲ ಊರುಗಳ ಮದುವೆಗಳಲ್ಲಿ ಬೀಗರ ಹಾಡು ತಾನಾಗಿಯೇ ನಿಂತುಹೋಯಿತು. ಯಾರೂ ಬೇಡ ಅನ್ನಲಿಲ್ಲ. ನೆಂಟರು ಯಾವ ದೇಶದಲ್ಲಿ ಕೂತು ನೋಡುತ್ತಿದ್ದಾರೋ, ಅಲ್ಲಿ ಯಾವ ಕಾನೂನಿದೆಯೋ, ಯಾರಿಗೆ ಬೇಕು ಉಸಾಬರಿ ಅಂದರು ಅಷ್ಟೆ.

ಬಸುರಿ ಸಹನಾಳಿಗೆ ಏಳು ತಿಂಗಳು ತುಂಬಿತು. ಕುಬಸದ ಕಾರ್ಯ ಮುಳಗುಂದದ ಮನೆಯಲ್ಲೇ ಎಂದಾಯಿತು. ಮಹಾನಂದಾ ಫ್ರಾನ್ಸಿನಿಂದ ಮರಳಿದ್ದಳು. ಕೋಲು ಊರಿಕೊಂಡು, ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವ ಸಾಮಾನು ಎಲ್ಲ ಹೊರಿಸಿಕೊಂಡು ಬಂದಳು. ಜೊತೆಗೆ ಒಂದು ಚೀಲದ ತುಂಬ ಗುಳೇದಗುಡ್ಡದ ಖಣ. ಲಿಯಾನ್‌ನಲ್ಲಿದ್ದ ಮಗಳು ಪರದೆಯಲ್ಲಿ ನೋಡುತ್ತಿದ್ದಳು. ಆರತಿ ಮುಗಿಯಿತು, ಊಟವಾಯಿತು. ಮಹಾನಂದಾ ತಾನೇ ಒಂದು ಕುರ್ಚಿ ಎಳೆದುಕೊಂಡು ಹೆಂಗಸರ ನಡುವೆ ಹಾಕಿಕೊಂಡು, ಖಣದ ಚೀಲ ತೊಡೆಯ ಮೇಲಿಟ್ಟು ಕೂತಳು. ಮದುವೆಯಲ್ಲಿ ಎದುರಿಗಿಲ್ಲದೆ ತಪ್ಪಿದ್ದನ್ನು ಇಲ್ಲಿ ಪಡೆಯಲಿಕ್ಕೆ ಬಂದಿದ್ದಾಳೆ ಎಂದು ಎಲ್ಲರಿಗೂ ಗೊತ್ತಾಯಿತು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅದೇ ಓಣಿಯ ಒಬ್ಬಳು ಧೈರ್ಯ ಮಾಡಿ ಎತ್ತಿಕೊಂಡಳು. 'ಬಂಗಾರದಂಥಾ ಬೀಗತಿ, ಬಲು ಗುಣವಂತಿ ಬೀಗತಿ.' ಉಳಿದವರು ಕೂಡಿಸಿದರು. ನಾನೂ ಕೂಡಿಸಿದೆ. ಅದಕ್ಕಿಂತ ಕೆಟ್ಟ ಹಾಡನ್ನು ನಾನು ಜೀವನದಲ್ಲಿ ಹಾಡಿಲ್ಲ.

ಮಹಾನಂದಾಳ ಮುಖ ನೋಡುನೋಡುತ್ತ ಇಳಿದುಹೋಯಿತು. ಧ್ವನಿಕಟ್ಟಿನ ಸಂಗತಿ ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅದನ್ನು ತಪ್ಪಿಸಲಿಕ್ಕೆ ಒದ್ದಾಡಿದವಳೇ ಅವಳು. ಆದರೆ ತಿಳಿದಿರುವುದು ಬೇರೆ, ನಡುವೆ ಕೂತು ಹೊಗಳಿಸಿಕೊಳ್ಳುವುದು ಬೇರೆ. ಹೊಗಳಿಕೆ ಹೊರಗಿನವರಿಗೆ. ಅವಳು ಮೂಲೆಯಲ್ಲಿ ಸೆರಗು ಕಚ್ಚಿಕೊಂಡು ಕೂತಿದ್ದ ದೊಡ್ಡವ್ವನ ಕಡೆ ತಿರುಗಿದಳು.

"ಯಕ್ಕಾ, ನಾ ಏನ ತಪ್ಪ ಮಾಡೀನಿ? ಒಂದ ಮಾತರ ಬ್ಯಾಡೇನು ನಂಗ?"

ದೊಡ್ಡವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ತಲೆ ಅಲ್ಲಾಡಿಸಿದಳು. ಅವಳ ಕಣ್ಣಿಂದ ನೀರು ಇಳಿಯಿತು. ಯಾರೂ ಏನೂ ಮಾಡುವ ಹಾಗಿರಲಿಲ್ಲ. ನಾವು ಅಷ್ಟೂ ಜನ ಕೈಗೆ ಯಂತ್ರ ಕಟ್ಟಿಕೊಂಡು ಕಲ್ಲುಗಳ ಹಾಗೆ ಕೂತಿದ್ದೆವು.

ಆಗ ಮಹಾನಂದಾ ತಾನೇ ಹಾಡಿದಳು. ದನಿ ಒಡೆದಿತ್ತು, ತಾಳ ತಪ್ಪುತ್ತಿತ್ತು. ಆದರೆ ಪದ ಒಂದೂ ತಪ್ಪಲಿಲ್ಲ. ಬಂದಾಳ ನೋಡ ಬೀಗತಿ, ಬಾಯಿ ಅಗಸಿ ಬಾಗಿಲಾ. ತನ್ನನ್ನು ತಾನೇ ಬೈದುಕೊಂಡಳು. ಹೋಳಿಗಿ ಹೆಡಗಿ ನುಂಗಿದ್ದನ್ನು ಹೇಳಿ ತನ್ನ ಹೊಟ್ಟೆಯ ಮೇಲೆ ತಾನೇ ಹೊಡೆದುಕೊಂಡಳು. ಹಗೇವಿನಾಗ ಹಾಕಿ ಮ್ಯಾಲ ಕಲ್ಲ ಮುಚ್ಚೂಣು ಬರ್ರೆವ್ವಾ ಎಂದು ದೊಡ್ಡವ್ವನ ಕಡೆ ಕೈ ಚಾಚಿದಳು. ದೊಡ್ಡವ್ವನ ತುಟಿಗಳು ದನಿಯಿಲ್ಲದೆ ಅದೇ ಪದಗಳನ್ನು ಹೇಳುತ್ತಿದ್ದವು. ಹಾಡು ಮುಗಿಸಿ ಮಹಾನಂದಾ ಕುಂಟುತ್ತ ಹೋಗಿ ಇಡೀ ಖಣದ ಚೀಲವನ್ನೇ ಅವಳ ಉಡಿಯಲ್ಲಿ ಸುರಿದಳು. ದೊಡ್ಡವ್ವನಿಗೆ ತಡೆಯಲಾಗಲಿಲ್ಲ. ನಕ್ಕುಬಿಟ್ಟಳು. ಮೊದಲಿನ ಹಾಗೇ, ಗಂಟಲು ಬಿಚ್ಚಿ.

ಅಷ್ಟೂ ನಾಡಿಪಟ್ಟಿಗಳು ಒಟ್ಟಿಗೆ ಚೀರಿದವು. ನಗುವೂ ದನಿಯೇ. ಸಹನಾ ಹೊಟ್ಟೆ ಹಿಡಿದುಕೊಂಡು ಎದ್ದು ಒಳಗೆ ಹೋದಳು. ನನ್ನ ಕೈಯ ಮೇಲಿನದ್ದೂ ಚೀರುತ್ತಿತ್ತು, ಅದನ್ನು ಇನ್ನೊಂದು ಕೈಯಿಂದ ಅದುಮಿ ಹಿಡಿದೆ, ನಿಲ್ಲಲಿಲ್ಲ. ದೊಡ್ಡವ್ವನ ಕಟ್ಟು ಇನ್ನೆಷ್ಟು ಉದ್ದವಾಯಿತೋ ಲೆಕ್ಕ ಹಾಕುವ ಮನಸ್ಸು ಯಾರಿಗೂ ಆಗಲಿಲ್ಲ.

ಮರುದಿನ ಕೇಂದ್ರದಲ್ಲಿ ಕೂತಾಗ ಮೊದಲು ಬಂದದ್ದೇ ಅದು. ಹೊಗಳಿದ ಹಾಡಿನ ಬಗ್ಗೆ ಪರದೆಯಲ್ಲಿ ಒಂದು ಸಾಲೂ ಇರಲಿಲ್ಲ. ಆ ಹೊತ್ತಿನಲ್ಲಿ ಮಹಾನಂದಾಳ ಎದೆ ಹೇಗೆ ಕುಸಿದಿತ್ತು ಎಂದು ಅವಳ ಪಟ್ಟಿ ತಕ್ಕಡಿಗೆ ಹೇಳಿಯೇ ಇರುತ್ತದೆ. ಆದರೆ ಹೊಗಳಿದ್ದು ಯಾವ ದೇಶದಲ್ಲೂ ಅಪರಾಧವಲ್ಲ. ಬಂದದ್ದು ಎರಡನೆಯ ಹಾಡು. 'ನಿಷೇಧಿತ ಬೈಗುಳದ ಮರುಪ್ರಸಾರ. ಮಾತು ತಲುಪಿದ ಜಾಗ ಲಿಯಾನ್. ಆರೋಪಿ: ವಯಸ್ಸಾದ ಮಹಿಳೆ, ಕಾಲಿಗೆ ಹಳೆಯ ಗಾಯ. ಸಂತ್ರಸ್ತೆ: ವಯಸ್ಸಾದ ಮಹಿಳೆ, ಕಾಲಿಗೆ ಹಳೆಯ ಗಾಯ.'

ಎರಡು ಸಲ ಓದಿದೆ. ಇದನ್ನಾದರೂ ನೋಡಿದರೆ ಯಾರಿಗಾದರೂ ತಿಳಿಯಬೇಕಲ್ಲ ಅನಿಸಿತು. ಕೆಳಗೆ ನನ್ನ ಪದವನ್ನು ಹುಡುಕಿದೆ. ಈ ಸಲ ಎಷ್ಟು ಜನ ಹೌದು ಅಂದರೂ ಬಿಡುವುದಿಲ್ಲ, ಜಗಳವಾಡಿಯೇ ಬಿಡುತ್ತೇನೆ ಎಂದು ಇಲ್ಲ ಗುಂಡಿಯ ಮೇಲೆ ಬೆರಳಿಟ್ಟೆ. ಪದ ಅಲ್ಲೇ ಇತ್ತು. ಈಗ ಮಿನುಗುತ್ತಿರಲಿಲ್ಲ.

'ಹಗೇವು: ಗುಂಡಿ. ಈ ಪದದ ಅರ್ಥ ಈಗಾಗಲೇ ಖಚಿತವಾಗಿದೆ. ನಿಮ್ಮ ಅಭಿಪ್ರಾಯದ ಅಗತ್ಯವಿಲ್ಲ.'

ನಾನು ಇಲ್ಲ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ರೆಬೆಲ್ಲೊ ಯಾವಾಗ ಬಂದು ಹಿಂದೆ ನಿಂತರೋ ಗೊತ್ತಿಲ್ಲ. ಪರದೆಯನ್ನು ಓದಿ, ಕೈಲಿದ್ದ ಚಹಾವನ್ನು ನನ್ನ ಮೇಜಿನ ಮೇಲಿಟ್ಟು, ಆ ಗುಂಡಿ ಈಗ ಕೆಲಸ ಮಾಡುವುದಿಲ್ಲ ಎಂದು ಮೆಲ್ಲಗೆ ಹೇಳಿದರು.

"ಗೊತ್ತು ಸರ್," ಅಂದೆ. ಮತ್ತೆ ಒತ್ತಿದೆ.